ಗೊರಕೆ ಹೊಡೆಯದ ಮಾವ

"ಗೊರಕೆ ಹೊಡೀತಾರಾ?" ತಂಗಿ ಕೇಳಿದಳು.

"ಛೆ, ಇಲ್ಲಪ್ಪ. ಮಗು ಥರ ಮಲಗ್ತಾರೆ," ಎಂದಳು ಅಕ್ಕ. ಅವಳ ಕೈಯಲ್ಲಿ ನರ್ಸೊಬ್ಬಳ ಸಮವಸ್ತ್ರದ ಕಾಲರಿತ್ತು. ಅಷ್ಟು ದೊಡ್ಡ ಸುಳ್ಳು ಹೇಳುವಾಗಲೂ ಹೊಲಿಗೆ ಸೊಟ್ಟಗಾಗಲಿಲ್ಲ.

ನಿಜಕ್ಕೂ ಸೋದರಮಾವನ ಗೊರಕೆಗೆ ಗೋಡೆ ನಡುಗುತ್ತಿತ್ತು. ರಜೆಗೆ ಬಂದಾಗಲೆಲ್ಲ ಅವನು ಉಳಿಯುತ್ತಿದ್ದುದು ಅಕ್ಕನ ಮನೆಯಲ್ಲೇ. ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದವಳು ಅವಳು. ಅವನ ಕೂದಲಿನ ಬಣ್ಣ ಹತ್ತಿದ ಬೇಸಿನ್ ಉಜ್ಜಿದವಳು, ಕಟ್ಟಿಸಿದ ಹಲ್ಲಿನ ಸೆಟ್ಟು ಲೋಟದಲ್ಲಿ ನೆನೆಹಾಕಿದವಳು, ಬಚ್ಚಲಲ್ಲಿ ಕದ್ದು ಸೇದಿದ ಸಿಗರೇಟಿನ ತುಂಡು ಎತ್ತಿ ಬಿಸಾಡಿದವಳು ಅವಳೇ. ತಂಗಿಯ ಮನೆಗೆ ಅವನು ಹೋಗುತ್ತಿದ್ದುದು ಸಂಜೆಯ ಚಹಾಕ್ಕೆ, ಸೆಂಟು ಬಳಿದುಕೊಂಡು, ಗರಿಗರಿ ಶರ್ಟು ತೊಟ್ಟು. ಆ ಶರ್ಟಿಗೆ ಇಸ್ತ್ರಿ ಹಾಕಿದವಳೂ ಅಕ್ಕ. ಅವನು ತಂದ ಕೈಗಡಿಯಾರ ಮಾತ್ರ ಸಿಕ್ಕಿದ್ದು ತಂಗಿಗೆ.

ಮಾವ ಪರದೇಶದಲ್ಲಿ ರೈಲು ಓಡಿಸಿ ನಿವೃತ್ತನಾಗಿದ್ದ. ಅಲ್ಲಿಗೆ ಹೋಗಿ ನೆಲೆಸಬೇಕೆಂದರೆ ಅಲ್ಲಿರುವ ಸಂಬಂಧಿಕರೊಬ್ಬರು 'ಇವರ ಖರ್ಚಿಗೆಲ್ಲ ನಾನೇ ಹೊಣೆ' ಎಂದು ಬರೆದುಕೊಡಬೇಕು. ಅವನ ಪಿಂಚಣಿಗೆ ಒಬ್ಬರ ಹೊಣೆಯಷ್ಟೇ ಹೊರುವ ತಾಕತ್ತು. ಆದರೂ ಇಬ್ಬರ ಅರ್ಜಿಗೂ ಸಹಿ ಹಾಕಿ ಕೈತೊಳೆದುಕೊಂಡ. "ಯಾರು ಹತ್ತಿರದೋರು ಅಂತ ವೀಸಾ ಆಫೀಸಿನೋರೇ ನೋಡ್ಕೊಳ್ಳಲಿ. ನನ್ನನ್ನ ಕೆಟ್ಟೋನು ಮಾಡಬೇಡಿ," ಎಂದ.

ಆಫೀಸಿನವರು ನೋಡುವ ಬಗೆ ಹೋಗಿಬಂದವರಿಗೆಲ್ಲ ಗೊತ್ತಿತ್ತು. ಹೊಣೆ ಹೊತ್ತವರಿಗೂ ಅರ್ಜಿ ಹಾಕಿದವರಿಗೂ ಬೇರೆಬೇರೆಯಾಗಿ ಅವೇ ಪ್ರಶ್ನೆ ಕೇಳುತ್ತಾರೆ. ಒಂದೇ ಸೂರಿನಡಿ ಬಾಳಿದವರಿಗಷ್ಟೇ ತಿಳಿದಿರುವಂಥವು. ಉತ್ತರ ತಾಳೆಯಾದರೆ ಸಂಬಂಧ ನಿಜ, ಇಲ್ಲದಿದ್ದರೆ ಮನೆಗೆ ನಡಿ.

"ಮಾವನ್ನ ಕೇಳಿದ್ದು ಆಯ್ತಂತೆ," ತಂಗಿ ಹೇಳಿದಳು. "ಯಾರೋ ಹುಡುಗಿ ಆಫೀಸರ್ ಅಂತೆ, ನಗ್ತಾ ನಗ್ತಾ ಮಾತಾಡಿಸಿದ್ಲಂತೆ. ಏನು ಕೇಳಿದ್ರು ಅಂತ ಮಾತ್ರ ಹೇಳೋ ಹಾಗಿಲ್ವಂತೆ. ನಿನ್ನೆ ಫೋನ್ ಮಾಡಿದ್ರು."

ಫೋನು ಕೂಡ ಅವಳಿಗೇ. ಅಕ್ಕ ದಾರವನ್ನು ಹಲ್ಲಿನಿಂದ ಕಟಕ್ಕನೆ ಕಚ್ಚಿ ತುಂಡರಿಸಿದಳು.

ತಂಗಿಗೇನು ಕಡಿಮೆ? ಸ್ವಂತ ಹೂವಿನ ಅಂಗಡಿ, ಬಿಡುವಿಲ್ಲದಷ್ಟು ಗಿರಾಕಿ. ಅವಳಿಗೆ ಪರದೇಶವೆಂದರೆ ಶೋಕಿ. ಅಕ್ಕನ ಕಣ್ಣೋ ದಿನೇದಿನೇ ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ತಡವಾದರೆ ಹೊಲಿಗೆ ಅಂಗಡಿಯ ಮೇಸ್ತ್ರಿ ಎಲ್ಲರೆದುರೇ ಗದರುತ್ತಿದ್ದ. ಈ ಕಾಲರುಗಳಿಂದ ತಪ್ಪಿಸಿಕೊಳ್ಳಲು ಅವಳಿಗಿದ್ದದ್ದು ಇದೊಂದೇ ದಾರಿ.

"ನಂಗಂತೂ ಅವರ ಬಗ್ಗೆ ಏನೂ ಗೊತ್ತಿಲ್ಲ ಕಣೇ, ನೀನೇ ಹೇಳಿಕೊಡು. ಕೂದಲು?"

"ಹುಟ್ಟಿದ ಬಣ್ಣಾನೇ."

"ಹಲ್ಲು?"

"ಒಂದೂ ಅಲ್ಲಾಡಿಲ್ಲ."

"ಸಿಗರೇಟು?"

"ಆ ವಾಸನೆ ಕಂಡ್ರೇ ಆಗಲ್ಲ ಅವರಿಗೆ."

ತಂಗಿ ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿದಳು. ಹೊರಡುವಾಗ ಅಕ್ಕನ ಕೊರಳು ತಬ್ಬಿ, "ನಿನ್ನಂಥೋಳು ಯಾರಿಗೂ ಸಿಗಲ್ಲ," ಎಂದಳು. ಅಕ್ಕನ ಎದೆ ಒಂದು ಗಳಿಗೆ ಚುರುಕ್ಕೆಂದಿತು. ಆಮೇಲೆ ತಬ್ಬಿದ ಕೈಯಲ್ಲಿದ್ದ ಗಡಿಯಾರ ಕಣ್ಣಿಗೆ ಬಿತ್ತು. ಎಲ್ಲ ಸರಿಹೋಯಿತು.

ಸಂದರ್ಶನಕ್ಕೆ ಮೊದಲು ಒಳಗೆ ಹೋದವಳು ತಂಗಿ. ಹೊರಬಂದಾಗ ಮುಖ ಸಪ್ಪಗಿತ್ತು.

"ನೀನು ಹೇಳಿಕೊಟ್ಟಿದ್ದನ್ನೇ ಕೇಳಿದ್ರು. ಹಾಗೇ ಹೇಳಿದೆ. ಆದ್ರೆ ಆ ಮನುಷ್ಯ ಒಂದು ಸಲಾನೂ ನಗಲಿಲ್ಲ ಅಕ್ಕಾ."

"ಎಲ್ಲರ ಹತ್ರಾನೂ ನಗೋಕಾಗುತ್ತಾ ಅವರಿಗೆ?" ಎನ್ನುತ್ತ ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

ಒಳಗೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಗೊರಕೆಯೇ? ಗೋಡೆ ಬೀಳುವಷ್ಟು. ಕೂದಲೇ? ಬರೀ ಬಣ್ಣ ಸ್ವಾಮಿ, ಬೇಸಿನ್ ಉಜ್ಜೋಳು ನಾನೇ. ಹಲ್ಲೇ? ಮೇಲಿನ ಸಾಲು ಪೂರ್ತಿ ಕಟ್ಟಿಸಿದ್ದು. ಸಿಗರೇಟೇ? ಕದ್ದು ಸೇದುತ್ತಾರೆ. ತುಂಡನ್ನು ಎಲ್ಲಿ ಅಡಗಿಸುತ್ತಾರೆಂಬುದನ್ನು ಕೇಳುವ ಮೊದಲೇ ಹೇಳಿದಳು. ಇಷ್ಟು ವರ್ಷ ಬಿಟ್ಟಿ ಹೋಯಿತೆಂದುಕೊಂಡ ಚಾಕರಿಯೆಲ್ಲ ಒಂದೇ ಸಲ ಕೈಹಿಡಿದಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಅಧಿಕಾರಿ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ.

"ಗೊರಕೆ ಇಲ್ಲ, ಬಣ್ಣ ಹಚ್ಚಲ್ಲ, ಹಲ್ಲು ಸ್ವಂತದ್ದು, ಸಿಗರೇಟು ಮುಟ್ಟಿಲ್ಲ ಅಂತ ನಿಮ್ಮ ಮಾವನೇ ಹೇಳಿದ್ದಾರೆ, ನಿಮ್ಮ ತಂಗೀನೂ ಚಾಚೂ ತಪ್ಪದೆ ಅದನ್ನೇ ಹೇಳಿದ್ರು. ನೀವು ಆ ಮನುಷ್ಯನನ್ನ ಒಂದು ಸಲನಾದ್ರೂ ನೋಡಿದ್ದೀರೇನಮ್ಮಾ?"