ಕೈತುಂಬ ಹಸಿರು ಬಳೆ

ಬಳೆಗಾರ್ತಿ ಮೋತಿಬಿ ಕೈ ಹಿಚುಕಿ ಹಸಿರು ಬಳೆ ಏರಿಸುತ್ತಿದ್ದಾಗಲೇ ಕಾಂಚನಾಳಿಗೆ ಖಾತ್ರಿಯಾಯಿತು. ಅತ್ತೆ ತನ್ನನ್ನು ಮನೆಯಿಂದ ಹೊರಗೆ ಹಾಕಲಿದ್ದಾಳೆ.

ಇಲ್ಲದಿದ್ದರೆ ನೀಲಗಂಗವ್ವನ ಕೈ ಇಷ್ಟು ಸಡಿಲಾದೀತೇ? ಶಿರಹಟ್ಟಿ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಹೆಂಗಸು. ಸೊಸೆಗೆ ಮಕ್ಕಳಾಗಲಿಲ್ಲ ಎಂಬ ಸಿಟ್ಟನ್ನು ದಿನಾ ಪಾತ್ರೆಗಳ ಮೇಲೆ ತೀರಿಸಿಕೊಳ್ಳುವವಳು. ಅಂಥವಳು ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಯಲ್ಲಿ ಕುಳಿತು, "ಇನ್ನಷ್ಟು ಹಾಕಬೇ, ಕೈ ತುಂಬಲಿ," ಎನ್ನುತ್ತಿದ್ದಳು.

"ಸಾಕ್ರಿ ಅತ್ತಿ. ಕೈ ಎತ್ತಾಕ ಬರವಲ್ದು."

"ಇರ್ಲಿ. ಇವತ್ತರ ಕೈತುಂಬ ಇಟ್ಕೊ."

ನೋಡುವವರ ಕಣ್ಣಿಗೆ ಇದು ಸುಖದ ಪ್ರವಾಸ. ಮಸ್ಕತ್ತಿನಲ್ಲಿ ಕ್ರೇನ್ ನಡೆಸುವ ಗಂಡ ಮೌನೇಶ ಭಾನುವಾರ ಬರುತ್ತಾನೆ, ಅವನನ್ನು ಕರೆತರಲು ಹೋಗುವವರು ಒಂದು ದಿನ ಮೊದಲೇ ಹೋಗಿ ಊರು ನೋಡೋಣ ಎಂದು ಅತ್ತೆ, ಮೈದುನ ವೀರು ಮತ್ತು ಕಾಂಚನಾ ಗದಗಿನಲ್ಲಿ ರೈಲು ಹತ್ತಿದ್ದರು. ಮಾವ ಹುಚ್ಚೀರಪ್ಪ ಮನೆಯಲ್ಲೇ ಉಳಿದಿದ್ದ. ಬೆಂಗಳೂರು ತೋರಿಸುತ್ತೇನೆ ಎಂದು ಮೌನೇಶ ಫೋನಿನಲ್ಲಿ ಹೆಂಡತಿಗೆ ಆಸೆ ಹುಟ್ಟಿಸಿ ಎಷ್ಟೋ ಕಾಲವಾಗಿತ್ತು. ಅದು ಅತ್ತೆಗೂ ಗೊತ್ತಿತ್ತು.

"ಅವಾ ಏನೇನ್ ತೋರಸ್ತೀನಿ ಅಂದಿದ್ನೋ ಎಲ್ಲಾ ತೋರ್ಸಪಾ ವೀರು. ಒಂದೂ ಬಿಡಬ್ಯಾಡ," ಎಂದಳು ನೀಲಗಂಗವ್ವ.

ಹಾಗೆ ಮೆಟ್ರೋ ಆಯಿತು, ವಿಧಾನಸೌಧದ ಮುಂದೆ ನಿಂತದ್ದಾಯಿತು. ಕಾಂಚನಾಳಿಗೆ ಯಾವುದೂ ಮನಸ್ಸಿಗೆ ಇಳಿಯಲಿಲ್ಲ. ಚೆನ್ನಾಗಿಯೇ ನಡೆಯುತ್ತಿದ್ದ ಅವಳ ಫೋನನ್ನು ವೀರು ಗುರುವಾರ ರಿಪೇರಿ ಎಂದು ಒಯ್ದಿದ್ದ. ಅಂದಿನಿಂದ ಗಂಡನೊಡನೆ ಒಂದು ಮಾತೂ ಇಲ್ಲ. ಕೇಳಿದರೆ, "ಅಣ್ಣ ಅಲ್ಲಿಂದ ಹೊಂಟಾನ್ರೀ ವೈನಿ, ಅವನ ಫೋನು ಬಂದ್ ಆಗೇತಿ," ಎಂದು ಮುಖ ತಿರುಗಿಸುತ್ತಿದ್ದ. ಗಂಡ ಹೆಂಡತಿ ಮಾತಾಡಬಾರದು ಎಂದು ಇವರೆಲ್ಲ ಸೇರಿ ಹೂಡಿದ ಆಟ ಎಂದು ಅವಳಿಗೆ ಅನಿಸಿತ್ತು.

ಲಾಲ್‌ಬಾಗಿನಲ್ಲಿ ಆ ಆಟ ಬಯಲಾಯಿತು. ಅತ್ತೆ ಹೂವು ಕೊಳ್ಳಲು ನಿಂತಾಗ ದೊಡ್ಡ ಮರದ ಆಚೆ ವೀರು ಅಪ್ಪನೊಡನೆ ಫೋನಿನಲ್ಲಿ ಮಾತಾಡುತ್ತಿದ್ದ.

"ಪೆಂಡಾಲದವಗ ಸೋಮವಾರ ನಸಕಿನ್ಯಾಗ ಬಾ ಅನ್ರಿ. ಮಠಕ್ಕ ಹೇಳಿ ಕಳಸ್ರಿ. ಬಾಳೆಹೊಸೂರವ್ರಿಗೂ ತಿಳಸ್ರಿ. ಇಲ್ಲಪಾ, ವೈನಿಗೆ ಇನ್ನಾ ಹೇಳಿಲ್ಲ. ಯವ್ವ ಬ್ಯಾಡ ಅಂದಾಳ."

ಕಾಂಚನಾ ಮರದ ಬೊಡ್ಡೆ ಹಿಡಿದು ನಿಂತಳು. ಬಾಳೆಹೊಸೂರಿನಲ್ಲಿ ಅತ್ತೆಯ ಅಣ್ಣನ ಮಗಳು ಶ್ರುತಿ ಇದ್ದಳು, ಇನ್ನೂ ಮದುವೆಯಾಗದವಳು. ಮೌನೇಶನಿಗೆ ಅವಳನ್ನೇ ತರಬೇಕಿತ್ತು ಎಂದು ನೀಲಗಂಗವ್ವ ಹಿಂದಿನ ದೀಪಾವಳಿಯಲ್ಲಿ ಮಂದಿಯ ಮುಂದೆಯೇ ಆಡಿ ತೋರಿಸಿದ್ದಳು. ಪೆಂಡಾಲು, ಮಠ, ಬಾಳೆಹೊಸೂರು. ಇನ್ನು ಬಾಕಿ ಇದ್ದದ್ದು ಬಾಜಾ ಬಜಂತ್ರಿ ಮಾತ್ರ.

ನೀಲಗಂಗವ್ವ ಬಂದು ಮಲ್ಲಿಗೆ ದಂಡೆಯನ್ನು ತಾನೇ ಸೊಸೆಯ ಜಡೆಗೆ ಮುಡಿಸಿದಳು.

"ನೀವೂ ಮುಡ್ಕೋರಿ," ಎಂದಳು ಕಾಂಚನಾ.

"ನನಗ್ಯಾಕ ತಗೋ." ಆಮೇಲೆ ಮಗನ ಕಡೆ ತಿರುಗಿ, "ಇಕಿದೊಂದು ಫೋಟೋ ತಗಿ. ಹೂವು, ಬಳಿ ಎಲ್ಲಾ ಕಾಣ್ಲಿ," ಎಂದು ತಾನು ದೂರ ಸರಿದಳು.

ಕಾಂಚನಾ ಗಾಜಿನ ಮನೆಯ ಮುಂದೆ ಗೊಂಬೆಯ ಹಾಗೆ ನಿಂತಳು. ಸೊಸೆಯನ್ನು ತವರಿಗೆ ಕಳಿಸುವಾಗ ಹೀಗೆಯೇ ಬಳೆ ಇಡಿಸಿ, ಹೂ ಮುಡಿಸಿ ಕಳಿಸುತ್ತಾರೆ. ನಾಳೆ ಲಕ್ಷ್ಮೇಶ್ವರದಿಂದ ಅಪ್ಪ ಬಂದು ಕೇಳಿದರೆ ಬರಿಗೈಯಲ್ಲಿ ಕಳಿಸಿಲ್ಲ ಎನ್ನಲು ಸಾಕ್ಷಿ ಬೇಕಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡಳು.

ಹೋಟೆಲಿನಲ್ಲಿ ಅತ್ತೆ ತನ್ನ ದೋಸೆಯನ್ನೂ ಅವಳ ತಟ್ಟೆಗೆ ದೂಡಿದಳು. ಅತ್ತೆಯ ಕಣ್ಣು ಊದಿಕೊಂಡಿದ್ದವು.

"ಕಣ್ಣಿಗೇನಾತ್ರಿ?"

"ರೈಲಿನ ಗಾಳಿ ಹೊಡದೈತಿ. ನೀ ಉಣ್ಣು. ನಾಳೆ ಊಟ ಸೇರ್ತೈತೋ ಇಲ್ಲೋ."

ಮಾಡುವುದನ್ನು ಮಾಡಿ ಈಗ ಮರುಗುತ್ತಾಳೆ ಎಂದುಕೊಂಡಳು ಕಾಂಚನಾ.

ಭಾನುವಾರ ಮುಂಜಾನೆ ವೀರು ದೊಡ್ಡ ಗಾಡಿ ತರಿಸಿ, ಹಿಂದಿನ ಸೀಟುಗಳನ್ನು ಮಡಚಿಸಿದ್ದ. ಗಂಡನ ಸಾಮಾನು ಬಹಳ ಇರಬೇಕು.

"ವೈನಿ, ನಿಮ್ಮ ಆಧಾರ ಕಾರ್ಡ ತಗೋರಿ," ಎಂದ ಅವನು ತಲೆ ತಗ್ಗಿಸಿ. "ಅಲ್ಲೊಂದು ಸಹಿ ಮಾಡೂದೈತಿ. ಹೆಂಡ್ತಿದಽ ಬೇಕಂತ."

ಹಾಗಾದರೆ ಬಿಡುಗಡೆ ಪತ್ರವೂ ತಯಾರಾಗಿದೆ. ಕೈ ಹಿಡಿದವನು ಬಂದಿಳಿಯುವುದೇ ಹೆಂಡತಿಯನ್ನು ಬಿಡಲಿಕ್ಕೆ. ಕಾಂಚನಾ ಗಾಡಿ ಹತ್ತಿ ಕುಳಿತಳು. ಇದಕ್ಕಾಗಿ ಬರುವುದಕ್ಕಿಂತ ಅವನು ಬರದೇ ಇದ್ದರೇ ಚೆನ್ನಾಗಿತ್ತು ಎಂದು ಮನಸ್ಸು ಅಂದುಬಿಟ್ಟಿತು. ಮರುಕ್ಷಣವೇ ಅವಳು ತುಟಿ ಕಚ್ಚಿಕೊಂಡಳು. ಸಹಿ ಮಾತ್ರ ಮಾಡುವುದಿಲ್ಲ. ಅಷ್ಟನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ವಿಮಾನ ನಿಲ್ದಾಣದಲ್ಲಿ ಜನ ಹೂಗುಚ್ಛ ಹಿಡಿದು ಕಾಯುವ ಬಾಗಿಲನ್ನು ಗಾಡಿ ದಾಟಿ ಮುಂದೆ ಹೋಯಿತು. ಬಳಸಿಕೊಂಡು ಹೋಗಿ, ಲಾರಿಗಳು ಸಾಲಾಗಿ ನಿಂತ ಒಂದು ಕಟ್ಟಡದ ಹತ್ತಿರ ನಿಂತಿತು. ಒಳಗೆ ಮೇಜಿನ ಹಿಂದೆ ಕೂತಿದ್ದವನು ತಲೆ ಎತ್ತಿದ.

"ಹೆಂಡತಿ ಯಾರಮ್ಮ? ಇಲ್ಲೊಂದು ಸೈನ್ ಹಾಕಿ."

ಕಾಂಚನಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಳೆಗಳು ಸದ್ದು ಮಾಡಿದವು.

"ನಾ ಮಾಡಂಗಿಲ್ರಿ. ಏನಿದ್ರೂ ಅವರು ನನ್ನ ಮುಂದ ನಿಂತು ಬಾಯಿಬಿಟ್ಟು ಹೇಳ್ಲಿ. ಆಮ್ಯಾಲೆ ನೋಡೂನು."

ಮೇಜಿನವನು ಪೆನ್ನು ಕೆಳಗಿಟ್ಟ. ವೀರು ಗೋಡೆಯ ಕಡೆ ತಿರುಗಿದ. ನೀಲಗಂಗವ್ವ ಸೊಸೆಯ ಎರಡೂ ಕೈಗಳನ್ನು ಮುಂದಕ್ಕೆ ಎಳೆದು, ಬಳೆಗಳ ಸಮೇತ ತನ್ನ ಎದೆಗೆ ಒತ್ತಿ ಹಿಡಿದಳು.

ಶಟರ್ ಮೇಲೆದ್ದಿತು, ಒಳಗಿನಿಂದ ತಳ್ಳುಗಾಡಿಯ ಮೇಲೆ ಬಂದ ಉದ್ದನೆಯ ಕಟ್ಟಿಗೆಯ ಪೆಟ್ಟಿಗೆಗೆ ಮೌನೇಶನ ಹೆಸರು ಅಂಟಿಸಿದ್ದರು.