ಕೆಂಪು ಮಾತ್ರೆಯ ಕೊನೆಯ ಡಬ್ಬಿ

ಮೇಜಿನ ಮೇಲೆ ಒಂದೇ ಒಂದು ಡಬ್ಬಿ ಉಳಿದಿತ್ತು. ಸಾಲಿನಲ್ಲಿ ಇಬ್ಬರು ಡಾಕ್ಟರಿದ್ದರು. ಹಿಂದಿದ್ದ ಚಿಕ್ಕನಾಯಕನಹಳ್ಳಿಯವರು ಕತ್ತು ಚಾಚಿ ಚಾಚಿ ಡಬ್ಬಿ ನೋಡುತ್ತಿದ್ದರು. ಮುಂದಿದ್ದ ಗಂಗಾಧರಯ್ಯ ಎಕ್ಸ್‌ರೇ ಫಿಲಂಗಳ ಕಂದು ಲಕೋಟೆಯನ್ನು ಎದೆಗೊತ್ತಿಕೊಂಡು, ದಾರಿಗೆ ಅಡ್ಡವಾಗಿಯೇ ನಿಂತರು. ದಾಕ್ಷಿಣ್ಯ ನೋಡುವ ಹೊತ್ತು ಅದಾಗಿರಲಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತನಾಲ್ಕನೆಯ ಇಸವಿ. ತಿಪಟೂರಿನ ಕೊಬ್ಬರಿ ಮಂಡಿಯ ಪಕ್ಕದ ಸಭಾಂಗಣದಲ್ಲಿ ಮೂರು ತಾಲ್ಲೂಕಿನ ಡಾಕ್ಟರುಗಳಿಗೆ ಒಂದು ದಿನದ ಪಾಠ. ಕ್ಷಯಕ್ಕೆ ಹೊಸ ಮದ್ದು ಬಂದಿದೆ, ಒಂದೂವರೆ ವರ್ಷದ ಚಿಕಿತ್ಸೆ ಇನ್ನು ಆರೇ ತಿಂಗಳಿಗೆ ಮುಗಿಯುತ್ತದೆ ಎಂದು ಬೆಂಗಳೂರಿನ ಎದೆರೋಗ ತಜ್ಞ ಶ್ರೀರಂಗಯ್ಯನವರು ಬೆಳಗಿನಿಂದ ಹೇಳುತ್ತಿದ್ದರು. ಊಟವಾದ ಮೇಲೆ ಅರ್ಧ ಸಭೆ ತೂಕಡಿಸಿತು. ಹೊರಗೆ ಕೊಬ್ಬರಿ ಹರಾಜಿನ ಕೂಗು ಏಳದೇ ಹೋಗಿದ್ದರೆ ಉಳಿದರ್ಧವೂ ಮಲಗುತ್ತಿತ್ತು. ಗಂಗಾಧರಯ್ಯ ಮಾತ್ರ ಒಂದಕ್ಷರ ಬಿಡದೆ ಬರೆದುಕೊಂಡರು. ಹಳೆಯ ಮದ್ದಿಗೆ ಬಗ್ಗದ ರೋಗಿ ಇದ್ದರೆ, ಫಿಲಂ ತೋರಿಸಿ ಒಂದು ಡಬ್ಬಿ ಕೆಂಪು ಮಾತ್ರೆ ಒಯ್ಯಬಹುದಿತ್ತು. ತಂದದ್ದು ಐದೇ ಡಬ್ಬಿ.

ಗಂಗಾಧರಯ್ಯನವರ ರೋಗಿ ರಾಮಲಕ್ಷ್ಮಮ್ಮ, ಅವರ ಒಡಹುಟ್ಟಿದ ತಂಗಿ.

ಮೂರು ವರ್ಷದ ಹಿಂದೆ, ಬಾಣಂತನ ಮುಗಿದ ಮೇಲೆ ಅವಳಿಗೆ ಜ್ವರ, ಕೆಮ್ಮು ಹಿಡಿದಿತ್ತು. ಪೇಟೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿಯ ಗುರುತು. ಕ್ಷಯ ಎಂದರು. ಹಾಲ್ಕುರಿಕೆಯ ಅತ್ತೆಮನೆಯವರು ಎಳೆಗೂಸನ್ನು ಇಟ್ಟುಕೊಂಡು ಅವಳನ್ನು ನೊಣವಿನಕೆರೆಗೆ ಅಣ್ಣನ ಮನೆಗೆ ಸಾಗಹಾಕಿದರು. ಫಿಲಂ ತೆಗೆಯುವಾಗ ತಾಳಿ ಬಿಚ್ಚಿದ್ದೇ ಅಪಶಕುನವಾಯಿತು ಎಂದಳು ಅತ್ತೆ. ವರ್ಷ ತುಂಬುವುದರೊಳಗೆ ಮಗನಿಗೆ ಇನ್ನೊಂದು ಮದುವೆಯನ್ನೂ ಮಾಡಿದಳು.

ಸೂಜಿ ಚುಚ್ಚಿದವರು ಗಂಗಾಧರಯ್ಯನವರೇ. ಆರನೆಯ ತಿಂಗಳಿಗೆ ತಂಗಿಯ ಕಿವಿ ಮಂದವಾಯಿತು. ಅದು ಸೂಜಿಮದ್ದಿನ ಕಾಟವೆಂದು ಅವರಿಗೆ ಗೊತ್ತಿತ್ತು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಿವಿ ಹೋದರೂ ಜೀವ ಉಳಿಯಲಿ ಎಂದು ಚುಚ್ಚುತ್ತಲೇ ಹೋದರು. ಈಗ ಪಕ್ಕದಲ್ಲೇ ಸಿಡಿಲು ಬಡಿದರೂ ಅವಳಿಗೆ ಕೇಳಿಸದು. ಬಿಳಿಯ ಗುರುತು ಮಾತ್ರ ನಾಲ್ಕು ಫಿಲಂನಲ್ಲೂ ಬಲಗಡೆಯೇ ಕೂತಿತ್ತು.

ಆ ಬೆಳಿಗ್ಗೆ ಅವರು ಬಸ್ಸಿಗೆ ಹೊರಟಾಗ ಅವಳು ಬಾಗಿಲಿಗೆ ಬಂದಿದ್ದಳು. ಎಣ್ಣೆ ಹಾಕಿ ಬಿಗಿದ ಜಡೆಯನ್ನು ಎಂದಿನಂತೆ ಬಲಹೆಗಲ ಮೇಲಿಂದ ಮುಂದಕ್ಕೆಳೆದು, ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಅದು ಚಿಕ್ಕಂದಿನ ಅಭ್ಯಾಸ.

“ಅಣ್ಣಯ್ಯ, ಈ ಸಲನಾದ್ರೂ ವಾಸಿಯಾಯ್ತದಾ? ಆದ್ರೆ ಹಾಲ್ಕುರಿಕೆಗೆ ಹೋಗಿ ಮಗೀನ ಒಂದ್ಸಲ ನೋಡ್ಕಂಡು ಬತ್ತೀನಿ.”

ಅವರು ತಲೆಯಾಡಿಸಿ ಬಂದಿದ್ದರು. ಮಾತಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ.

ಶ್ರೀರಂಗಯ್ಯನವರು ಮೊದಲ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಕಫ ನೋಡಿಸಿದ್ರಾ?”

“ಮೂರು ಸಲ ನೋಡಿಸ್ದೆ ಸಾರ್. ಏನೂ ಸಿಗಲಿಲ್ಲ.”

“ತೂಕ?”

“ಇಳಿದಿಲ್ಲ.”

“ಕೆಮ್ಮು?”

“ಮೊದಲ ತಿಂಗಳಲ್ಲೇ ನಿಂತೋಯ್ತು ಸಾರ್. ಈ ಗುರುತೊಂದು ಹೋಗ್ತಿಲ್ಲ.”

ತಜ್ಞರು ಎರಡನೆಯದನ್ನು ನೋಡಿದರು, ಮೂರನೆಯದು, ನಾಲ್ಕನೆಯದು.

“ಸೂಜಿ ಎಷ್ಟು ಕಾಲ ಕೊಟ್ರಿ?”

“ಪೂರ್ತಿ ಒಂದೂವರೆ ವರ್ಷ. ಕಿವಿ ಹೋಯ್ತು ಸಾರ್, ಆದ್ರೂ ನಿಲ್ಲಿಸಲಿಲ್ಲ.”

ಶ್ರೀರಂಗಯ್ಯನವರು ಕನ್ನಡಕ ತೆಗೆದಿಟ್ಟರು. ಡಬ್ಬಿಯನ್ನು ಎತ್ತಿ, ಹಿಂದಿದ್ದ ಚಿಕ್ಕನಾಯಕನಹಳ್ಳಿಯ ಡಾಕ್ಟರ ಕೈಗೆ ಕೊಟ್ಟರು.

“ಇವರಿಗೆ ಇದು ಬೇಡ,” ಎಂದರು. “ಇದರಿಂದ ಏನೂ ಆಗೋದಿಲ್ಲ.”

ಇಪ್ಪತ್ತು ವರ್ಷ ಬೇರೆಯವರ ಮನೆಯವರಿಗೆ ಗಂಗಾಧರಯ್ಯನವರೇ ಹೇಳುತ್ತಾ ಬಂದಿದ್ದ ಮಾತು ಅದು. ಎಲ್ಲರೆದುರಿಗೆ ಮೇಜು ಹಿಡಿದುಕೊಂಡು ಕೇಳಿದರು.

“ಅಷ್ಟೊಂದು ಕೈ ಮೀರೋಯ್ತಾ ಸಾರ್? ನನ್ನ ಸ್ವಂತ ತಂಗಿ ಸಾರ್. ಕೈ ಮುಗೀತೀನಿ, ಒಂದ್ಸಲ ಕೊಟ್ಟು ನೋಡಾನ.”

“ಕೈ ಮೀರಿದ್ದೇನೋ ನಿಜ,” ಎಂದ ಶ್ರೀರಂಗಯ್ಯನವರು ಅವರ ಮುಖ ನೋಡಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಕೊನೆಯ ಫಿಲಂನ ಬಿಳಿಯ ಗುರುತಿನ ಮೇಲೆ ಊರಿದರು. ಮಸುಕು ಮಸುಕಾಗಿ ಹೆಣೆದಂತಿದ್ದ ಗೆರೆಗಳನ್ನು ಹಿಡಿದು ಪೆನ್ಸಿಲ್ ಮೇಲಕ್ಕೆ ಸರಿಯಿತು. ಶ್ವಾಸಕೋಶದ ಅಂಚು ಮುಗಿಯಿತು. ಕತ್ತಿನ ಬುಡದ ಮೂಳೆಯನ್ನೂ ದಾಟಿತು. ಗುರುತು ಮಾತ್ರ ಮುಗಿಯಲಿಲ್ಲ.

“ಕ್ಷಯ ಎದೆಗೂಡಿನ ಒಳಗಿರುತ್ತೆ ಗಂಗಾಧರಯ್ಯನವರೇ, ಹೆಗಲು ಹತ್ತಿ ಕತ್ತಿನ ಹಿಂದಕ್ಕೆ ಹೋಗೋದಿಲ್ಲ. ಇದು ನಿಮ್ಮ ತಂಗಿಯ ಜಡೆ.”