ಗಾಡಿ ಎಲ್ಲೂ ನಿಲ್ಲಬಾರದು

ಮಧ್ವೇಶ ಬೈಕಿನ ಹಿಂದಿನ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕೂತು ಏನನ್ನೋ ತಿರುಗಿಸುತ್ತಿದ್ದ. ಸುಶ್ರುತ ಅದನ್ನು ಮೇಲಿನ ಮನೆಯ ಗ್ಯಾಲರಿಯಿಂದ ಕಂಡವನೇ ಚಹಾದ ಲೋಟ ಅಲ್ಲೇ ಇಟ್ಟು ಧಡಧಡ ಕೆಳಗಿಳಿದ.

"ಏನು ಮಾಡ್ತಾ ಇದ್ದೀಯ ಅಣ್ಣ?"

"ಬ್ರೇಕು ಬಿಗಿ ಉಂಟಾ ನೋಡಿದೆ ಮಾರಾಯ. ಉಡುಪಿ ತನಕ ಹೋಗುವ ಗಾಡಿ. ದಾರಿಯಲ್ಲಿ ಎಲ್ಲೂ ನಿಲ್ಲಬಾರದಲ್ವಾ?" ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಮಧ್ವೇಶ ನಕ್ಕ.

ಆ ನಗುವನ್ನು ಸುಶ್ರುತ ನಂಬಲಿಲ್ಲ. ಹೇಗೆ ನಂಬುವುದು? ಬೇಲಾಪುರದಲ್ಲಿ ಹೋಟೆಲ್ ನಡೆಸುವ ಈ ಅಣ್ಣ, ಅಮ್ಮನನ್ನು ನನ್ನ ಜೊತೆ ಕಳಿಸು ಎಂದು ಹಿಂದೊಮ್ಮೆ ಈ ಡೊಂಬಿವಲಿಯ ಮನೆಯಲ್ಲಿ ದೊಡ್ಡ ರಂಪ ಮಾಡಿದ್ದ. ಅಂದಿನಿಂದ ಅವನಿಗೆ ಹೊಸಿಲು ದಾಟಲು ಬಿಟ್ಟಿರಲಿಲ್ಲ. ಗಲಾಟೆಯಾದರೆ ಅಮ್ಮನಿಗೆ ಬಿ.ಪಿ. ಏರುತ್ತದೆ. ಅಂಥವನು ಈಗ ತಾನಾಗಿ ಬಂದು, "ನಂದೇ ತಪ್ಪು. ಬೈಕಲ್ಲಿ ಊರಿಗೆ ಹೋಗ್ಬೇಕು ಅಂತ ನಿಂಗೆ ಎಷ್ಟು ಆಸೆ! ಹೋಗು, ಅಮ್ಮನನ್ನು ನಾವು ನೋಡ್ಕೊಳ್ತೇವೆ" ಎನ್ನುತ್ತಾನೆ. ಹೊಸ ಟಯರು ಹಾಕಿಸಿಕೊಡುತ್ತಾನೆ. ಅತ್ತಿಗೆ ಶ್ರೀಪ್ರಿಯಾ ದಾರಿಗೆಂದು ಚಕ್ಕುಲಿ ಕರಿದು ತಂದಿದ್ದಾಳೆ.

ಸುಶ್ರುತನಿಗೆ ಆಸೆ ಇದ್ದದ್ದು ನಿಜ. ಹತ್ತಿರದ ಟಿಟ್ವಾಳಾದ ಗಣಪತಿ ಗುಡಿಯ ಆಚೆಗೆ ಅವನ ಬೈಕು ಹೋದದ್ದೇ ಇಲ್ಲ. ಆದರೆ ಅವನ ಎದೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು: ಘಾಟಿಯಲ್ಲಿ ಬ್ರೇಕು ಕೈಕೊಟ್ಟರೆ ತಾನು ಪ್ರಪಾತಕ್ಕೆ, ಅಮ್ಮ ಅಣ್ಣನ ಪಾಲಿಗೆ. ಮೊದಲನೆಯದಕ್ಕಿಂತ ಎರಡನೆಯದಕ್ಕೇ ಅವನು ಹೆಚ್ಚು ಹೆದರಿದ. ಅಮ್ಮ ಇಲ್ಲದ ಮನೆಯಲ್ಲಿ ಒಂದು ದಿನ ಇರುವುದೂ ಅವನಿಂದಾಗದು.

ಗಾಡಿಯನ್ನು ನೇರ ಕಲ್ಯಾಣದ ಯಂಕಣ್ಣನ ಗ್ಯಾರೇಜಿಗೆ ಒಯ್ದ. "ಯಾರಾದ್ರೂ ಏನಾದ್ರೂ ಸಡಿಲ ಮಾಡಿದ್ದಾರಾ, ಸರಿಯಾಗಿ ನೋಡು."

ಯಂಕಣ್ಣ ವಿಜಾಪುರದ ಕಡೆಯವನು, ಬಾಯಿಗೆ ಬೀಗವಿಲ್ಲ. "ಸಡ್ಲ ಎಲ್ಲಿ ಬಂತ್ರೀ? ನಿಮ್ಮ ಅಣ್ಣಾರು ಮೊನ್ನೆ ಇಲ್ಲೇ ಕುಂತು ನನ್ನ ಜೀವಾ ತಿಂದಾರ. ಚೈನ್ ಹೊಸಾದು ಹಾಕು, ಪ್ಲಗ್ ಹೊಸಾದು ಹಾಕು, ಗಾಡಿ ಎಲ್ಲೂ ನಿಂದರಬಾರದು ಅಂತ. ಮದಿವಿ ಹೆಣ್ಣಿಗೂ ಇಷ್ಟು ಸಿಂಗಾರ ಮಾಡಂಗಿಲ್ಲ ಬಿಡ್ರಿ!"

ಹಾಗೆಂದರೂ ಒಂದೊಂದೇ ಬಿಚ್ಚಿ ತೋರಿಸಿದ. ಎಲ್ಲವೂ ಸರಿ. ಸುಶ್ರುತನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಮನೆಗೆ ಬಂದು ಹೊರಗಿನ ಬೀಗ ತೆಗೆದ. ಬಾಗಿಲು ತೆರೆದಿದ್ದರೆ ಅಮ್ಮ ಮೆಟ್ಟಿಲಲ್ಲಿ ಬಿದ್ದಾರು. ಅವನು ಕೂರಿಸಿಹೋದ ಕುರ್ಚಿಯಲ್ಲೇ ರಮಾಮಣಿಯಮ್ಮ ಕೂತಿದ್ದರು.

"ನೀರು ಕುಡಿಯಲಾ ಮಗಾ?"

ಅವನ ಮನಸ್ಸು ಕರಗಿತು. ಈಗೀಗ ಎಲ್ಲದಕ್ಕೂ ಹೀಗೇ, ಮಗುವಿನ ಹಾಗೆ ಕೇಳಿಯೇ ಮಾಡುವುದು. ಈ ಜೀವವನ್ನು ಅಣ್ಣ ಹೇಗೆ ನಿಭಾಯಿಸಿಯಾನು? ಕಣ್ಣಿಗೆ ಆಯಾಸವೆಂದು ಮೊಬೈಲನ್ನು ತೆಗೆದಿಡಬೇಕು. ಹರಟೆಗೆ ಬಂದು ಸುಸ್ತು ಮಾಡುತ್ತಿದ್ದ ಪಕ್ಕದ ಮನೆಯ ನಾಗವೇಣಿಯನ್ನು ಹೊರಗೇ ತಡೆಯಬೇಕು. ಆಕೆ ಈಗ ಗ್ಯಾಲರಿಯಿಂದಲೇ ಕೈಸನ್ನೆ ಮಾಡಿ ಸುಮ್ಮನಾಗುತ್ತಾಳೆ. ವಯಸ್ಸಾದ ಚರ್ಮ, ಮುಟ್ಟಿದರೆ ನೀಲಿಗಟ್ಟುತ್ತದೆ. ಈ ಸೆಖೆಯಲ್ಲೂ ಉದ್ದ ತೋಳಿನ ರವಿಕೆಯನ್ನೇ ತೊಡಿಸಬೇಕು. ಇದೆಲ್ಲ ಯಾರಿಗೆ ತಿಳಿಯುತ್ತದೆ?

ಮರುದಿನ ಬೆಳಿಗ್ಗೆ ಬ್ಯಾಗನ್ನು ಹಿಂದಿನ ಸೀಟಿಗೆ ಬಿಗಿದು, ಬೀಗದ ಕೈಯನ್ನು ಅತ್ತಿಗೆಗೆ ಕೊಟ್ಟು, ಅಮ್ಮನ ಕಾಲಿಗೆ ಬಗ್ಗಿದ. ಅಮ್ಮ ಪಾದ ಹಿಂದಕ್ಕೆ ಎಳೆದುಕೊಂಡರು. ಬೂಟು ಹಾಕಿ ಮುಟ್ಟಿದ್ದಕ್ಕೆ ಮೈಲಿಗೆಯೆಂದು ಇರಬೇಕು.

"ಬರ್ತೇನೆ ಅಮ್ಮ."

"ಹ್ಞೂ ಮಗಾ. ನಿಧಾನ ಹೋಗು."

ಶಿಳ್‌ಫಾಟಾ ದಾಟಿತು, ಕಳಂಬೋಲಿ ದಾಟಿತು. ಇಂಜಿನ್ನು ಬೆಣ್ಣೆಯ ಹಾಗೆ. ಪನವೇಲಿನಲ್ಲಿ ಚಹಾ ಕುಡಿದು ಎದ್ದಾಗ ಹೋಟೆಲಿನ ಗಲ್ಲೆಯಲ್ಲಿದ್ದ ಕುಂದಾಪುರದ ಯಜಮಾನರು ಬೈಕಿನ ಮೇಲಿನ ಗಂಟು ನೋಡಿ, "ಊರಿಗಾ? ಖುಷಿಯಲ್ಲಿ ಹೋಗಿ ಬನ್ನಿ" ಎಂದರು.

ಸುಶ್ರುತ ಒಂದು ಕಾಲು ಬೈಕಿನ ಮೇಲೆತ್ತಿದವನು ಹಾಗೇ ನಿಂತ.

ಅಮ್ಮ 'ಹೋಗಿ ಬಾ' ಅನ್ನಲಿಲ್ಲ. ಹಾಲು ತರಲು ಕೆಳಗಿಳಿದರೂ ಹೋಗಿ ಬಾ ಅನ್ನುವವರು, ಊರಿಗೆ ಹೊರಟ ಮಗನಿಗೆ ಅನ್ನಲಿಲ್ಲ. ತಮ್ಮ ಊರ ಕಡೆ ಹೆಣಕ್ಕೆ ಮಾತ್ರ 'ಹೋಗಿ ಬಾ' ಅನ್ನುವುದಿಲ್ಲ. ಅಮ್ಮನಿಗೆ ಏನೋ ಗೊತ್ತು! ಅಣ್ಣ ಹೆದರಿಸಿ ಅವರ ಬಾಯಿ ಕಟ್ಟಿದ್ದಾನೆ. ಬ್ರೇಕಲ್ಲ, ಅವನು ಕೈಹಾಕಿದ್ದು ಅಮ್ಮನಿಗೇ.

ಗಾಡಿ ತಿರುಗಿಸಿದ. ಬಂದ ದಾರಿಯಲ್ಲೂ ಅದು ಎಲ್ಲೂ ನಿಲ್ಲಲಿಲ್ಲ.

ಸೊಸೈಟಿಯ ಗೇಟಿನಲ್ಲಿ ಆಟೋ ನಿಂತಿತ್ತು. ಒಳಗೆ ಅಮ್ಮ, ಮಡಿಲಲ್ಲಿ ಬಟ್ಟೆಯ ಗಂಟು. ಪಕ್ಕದಲ್ಲಿ ಅತ್ತಿಗೆ.

"ಗೊತ್ತಿತ್ತು ನಂಗೆ!" ಸುಶ್ರುತ ಹೆಲ್ಮೆಟ್ಟನ್ನು ನೆಲಕ್ಕೆ ಎಸೆದು ಓಡಿದ. "ಮುದುಕಿಯನ್ನು ಕದ್ದು ಸಾಗಿಸ್ತೀಯಾ? ಅಮ್ಮಾ, ಹೆದರಬೇಡ, ನಾನು ಬಂದೆ!"

ಮಧ್ವೇಶ ಅಡ್ಡ ನಿಂತ. "'ಗಾಡಿ ಚೆನ್ನಾಗಿ ಮಾಡಿಸು, ಅರ್ಧ ದಾರಿಯಲ್ಲಿ ಕೆಟ್ಟು ಅವನು ವಾಪಸು ಬರಬಾರದು' ಅಂತ ಹೇಳಿದ್ದೇ ಅಮ್ಮ ಮಾರಾಯ."

ಅಷ್ಟರಲ್ಲಿ ರಮಾಮಣಿಯಮ್ಮ ತಾವಾಗಿಯೇ ಆಟೋದಿಂದ ಇಳಿದು, ಸುಶ್ರುತನ ಎದುರು ಎರಡೂ ಕೈ ಎತ್ತಿ ಅಡ್ಡ ಹಿಡಿದುಕೊಂಡು, "ಮುಖಕ್ಕೆ ಹೊಡೀಬೇಡ ಮಗಾ, ನಾನೇ ಮೇಲೆ ಬರ್ತೇನೆ" ಎಂದರು.